ಚಹಾದ ಬಟ್ಟಲು ಮತ್ತು ಅತಿಥಿಯ ಸ್ಥಾನ

ಮನೆಗೆ ಬಂದವರಿಗೆ ನೀಡುವ ಪಾನೀಯವು ಸತ್ಕಾರವೆನಿಸುವುದು ಯಾವಾಗ? ಕೊಟ್ಟ ಮಾತ್ರಕ್ಕೋ, ಕೊಟ್ಟ ರೀತಿಯಿಂದಲೋ? ಅಂಗಡಿಗೆ ಬಂದವರಿಗೆ ಚಹಾ ತರಿಸಿಕೊಡುವುದು ವರ್ತಕರಾದ ನಮಗೆ ನಿತ್ಯದ ರೂಢಿ. ಆದುದರಿಂದಲೇ ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ. ಚಹಾಪಾನವನ್ನು ಆಚಾರವಾಗಿ ಬೆಳೆಸಿದ ಪ್ರಾಚೀನ ಚೀನಾ ದೇಶದತ್ತ ನೋಡಿದರೆ ಉತ್ತರದ ದಾರಿ ಕಂಡೀತು.

ಟ್ಯಾಂಗ್ ರಾಜವಂಶದ ಕಾಲದಲ್ಲಿ, 8ನೆಯ ಶತಮಾನದಲ್ಲಿ, ಲು ಯು ಎಂಬ ವಿದ್ವಾಂಸನು ಚಹಾವನ್ನು ಕುರಿತೇ ‘ಚಾ ಜಿಂಗ್’ ಎಂಬ ಗ್ರಂಥವನ್ನು ರಚಿಸಿದನು. ಆಗ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆಗಳಾಗಿ ಒಣಗಿಸುತ್ತಿದ್ದರು. ಬೇಕಾದಾಗ ಕಾಯಿಸಿ, ಪುಡಿಮಾಡಿ, ಕುದಿಯುವ ನೀರಿಗೆ ಹಾಕುತ್ತಿದ್ದರು. ಈರುಳ್ಳಿ, ಶುಂಠಿ, ಪುದೀನಗಳನ್ನು ಬೆರೆಸುವ ರೂಢಿಯನ್ನು ಲು ಯು ನಿರಾಕರಿಸಿದನು. ಸ್ವಲ್ಪ ಉಪ್ಪನ್ನು ಮಾತ್ರ ಒಪ್ಪಿದನು. ಮಿತಾಚಾರವುಳ್ಳ ಸಜ್ಜನರಿಗೆ ಈ ಪಾನೀಯ ತಕ್ಕದ್ದೆಂಬುದು ಅವನ ಮತ.

ತೈಶಾನ್ ಪರ್ವತದ ವಿಹಾರವೊಂದರಲ್ಲಿ ಧ್ಯಾನನಿರತ ಭಿಕ್ಷುಗಳು ನಿದ್ರೆಯನ್ನೂ ಸಂಜೆಯ ಊಟವನ್ನೂ ತ್ಯಜಿಸುತ್ತಿದ್ದರು. ಚಹಾಕ್ಕೆ ಮಾತ್ರ ಅನುಮತಿಯಿತ್ತು. ಅದನ್ನು ನೋಡಿ ಜನರೂ ಅನುಕರಿಸಿದರೆಂದು ಅದೇ ಶತಮಾನದ ಫೆಂಗ್ ಯಾನ್ ಬರೆದಿದ್ದಾನೆ. ಸೂರ್ಯಾಸ್ತದ ಬಳಿಕ ನೀರನ್ನೂ ಬಿಡುವ ನಮ್ಮ ವ್ರತಿಗಳಿಗೆ ಇದು ಸಡಿಲ ನಿಯಮವೆನಿಸಬಹುದು. ಆದರೆ ಸಂಯಮದ ಸಹಾಯಕ್ಕಾಗಿಯೇ ಚಹಾ ಅಲ್ಲಿ ಸ್ಥಾನ ಪಡೆಯಿತೆಂಬುದು ಗಮನಾರ್ಹ.

ಆಚಾರಕ್ಕೆ ಇನ್ನೊಂದು ಮುಖವೂ ಉಂಟು. ಅರಮನೆಗೆ ಕಾಣಿಕೆಯಾಗಿ ಸಲ್ಲಬೇಕಾದ ಬಿಲ್ಲೆ ಚಹಾವನ್ನು ಸಿದ್ಧಪಡಿಸುವ ಶ್ರಮ ಪ್ರಜೆಗಳಿಗೆ ಹೊರೆಯಾಗಿತ್ತು. 1391ರಲ್ಲಿ ಮಿಂಗ್ ಚಕ್ರವರ್ತಿ ಹಾಂಗ್‌ವು ಅದನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಸ್ವೀಕರಿಸಿದನು. ಬಹು ಮುಂದೆ, ಚಿಂಗ್ ಕಾಲದ ಅಧಿಕಾರಿಗಳು ಬಟ್ಟಲನ್ನೆತ್ತಿದರೆ ‘ನೀವಿನ್ನು ಹೊರಡಬಹುದು’ ಎಂದೇ ಅರ್ಥ. ಸ್ವಾಗತದ ಬಟ್ಟಲೇ ವಿದಾಯದ ಆಜ್ಞೆಯೂ ಆಯಿತು! ವಸ್ತು ಒಂದೇ, ಭಾವ ಬೇರೆ.

ನಮ್ಮ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾದ ಊರು. 19ನೆಯ ಶತಮಾನದ ಆರಂಭದಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಗಾಜಿನ ಕೆಲಸವನ್ನು ವರ್ಣಿಸಿದ್ದಾನೆ. ಗಾಜಿನ ವಿಷಯದಲ್ಲಿ ನನಗೂ ಒಂದು ನೆನಪಿದೆ, ಅದು ಹೆಮ್ಮೆಯದಲ್ಲ. ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಕುಳಿತ ಹೊಸತರಲ್ಲಿ ಗಿರಾಕಿಗಳಿಗೆ ಹೋಟೆಲಿನಿಂದ ಚಹಾ ತರಿಸುತ್ತಿದ್ದೆ. ಹುಡುಗ ‘ಯಾರಿಗೆ?’ ಎಂದು ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ಉತ್ತರಕ್ಕೆ ತಕ್ಕಂತೆ ಲೋಟ ಬದಲಾಗುತ್ತಿತ್ತು. ಹೋಟೆಲಿನಲ್ಲಿ ಇಂತಹ ಭೇದ ಮಾಡುವುದು 1955ರ ಕಾಯಿದೆಯಂತೆ ಅಪರಾಧವೆಂದು ನಾನು ಓದಿಯೂ ಇದ್ದೆ.

ಒಮ್ಮೆ ಕಡಲೆಕಾಯಿ ತಂದಿದ್ದ ವೃದ್ಧರೊಬ್ಬರು ನನ್ನ ಉತ್ತರವನ್ನು ಕೇಳಿಸಿಕೊಂಡು, ‘ಬ್ಯಾಡ ಸಾವ್ಕಾರ್ರೆ, ಈಗ್ತಾನೆ ಕುಡ್ದು ಬಂದೀನಿ’ ಎಂದರು. ಬೆಳಗಿನಿಂದ ಅವರು ನನ್ನ ಎದುರಿಗೇ ಕುಳಿತಿದ್ದರು. ತಕ್ಕಡಿಯಲ್ಲಿ ಗುಲಗಂಜಿಯಷ್ಟೂ ತಪ್ಪದ ನಾನು ಮನುಷ್ಯರನ್ನು ತೂಗುವಲ್ಲಿ ತಪ್ಪಿದ್ದೆ. ಮರುದಿನವೇ ಒಂದೇ ಬಗೆಯ ಆರು ಲೋಟಗಳನ್ನು ಅಂಗಡಿಗೆ ತಂದು, ಚಹಾವನ್ನು ಅವುಗಳಲ್ಲಿಯೇ ಕೊಡತೊಡಗಿದೆ. ಆದರೂ ಆ ವೃದ್ಧರು ಮುಂದೆಂದೂ ನನ್ನಲ್ಲಿ ಚಹಾ ಕುಡಿಯಲಿಲ್ಲ. ತಡವಾದ ನ್ಯಾಯವನ್ನು ಸ್ವೀಕರಿಸಲೇಬೇಕೆಂಬ ನಿಯಮ ಅವರಿಗಿರಲಿಲ್ಲ.

ಅತಿಥಿಸಂವಿಭಾಗವನ್ನು ಶ್ರಾವಕರ ಶಿಕ್ಷಾವ್ರತಗಳಲ್ಲಿ ಎಣಿಸುತ್ತೇವೆ. ಸಂವಿಭಾಗವೆಂದರೆ ಸರಿಯಾಗಿ ಹಂಚಿಕೊಳ್ಳುವುದು. ಸತ್ಪಾತ್ರರಿಗೆ ಕೊಡುವ ದಾನವನ್ನು ಕುರಿತ ಆ ವ್ರತದ ಮಾತನ್ನು ಅಂಗಡಿಯ ಚಹಾಕ್ಕೂ ಅನ್ವಯಿಸಿಕೊಂಡರೆ ತಪ್ಪಾಗದು. ಚಹಾವನ್ನು ಹಂಚಿ ಗೌರವವನ್ನು ಉಳಿಸಿಕೊಂಡರೆ ಹಂಚಿದ್ದು ಬರಿಯ ಬಿಸಿನೀರು.