ಕೂಸಿನ ಖಾತೆ

ಮೊಮ್ಮಗನ ಹಣೆಗೆ ವಿಭೂತಿ ಹಚ್ಚುವಾಗ ನನ್ನ ಬೆರಳು ದಿನಾ ಒಂದು ಕಡೆ ತಡೆಯುತ್ತದೆ. ಎರಡು ವರ್ಷದ ಹಿಂದೆ ಕಟ್ಟೆಯಿಂದ ಬಿದ್ದು ಹಣೆ ಒಡೆದುಕೊಂಡಿದ್ದ. ಹೊಲಿಗೆಯನ್ನು ಐದನೇ ದಿನಕ್ಕೆ ಬಿಚ್ಚಿದರು. ವಾರದೊಳಗೆ ಗಾಯ ಮತ್ತೆ ಬಾಯಿಬಿಟ್ಟಿತು. ಈಗ ಅಲ್ಲಿ ಹೆಬ್ಬೆರಳಗಲದ ಕಲೆ. ತೊಗಲು ಸಿಗರೇಟಿನ ಕಾಗದದಷ್ಟು ತೆಳು, ಮುಟ್ಟಿದರೆ ನಿರಿಗೆಗಟ್ಟುತ್ತದೆ. ಮೊಣಕಾಲ ಮೇಲೂ ಅಂಥವೇ.

ಕೊಣ್ಣೂರಿನ ನಮ್ಮ ಓಣಿಯಲ್ಲಿ ಕಾರಣ ಹೇಳುವವರಿಗೆ ಬರವಿಲ್ಲ. "ಹಿಂದಿನ ಜನ್ಮದ ಕರ್ಮರೀ, ಉಣ್ಣಬೇಕು" ಎಂದರು ಒಬ್ಬ ಹಿರಿಯರು. "ಮಗಳನ್ನ ಸೋದರಮಾವಗ ಕೊಟ್ರೆಲ್ಲ, ಅದಕ್ಕ" ಎಂದರು ಇನ್ನೊಬ್ಬರು. ಆರು ವರ್ಷದ ಹುಡುಗ ಕೇಳಿಸಿಕೊಂಡಿದ್ದ. ರಾತ್ರಿ ಹಾಸಿಗೆಯಲ್ಲಿ ಕೇಳಿದ: "ನಾ ಏನ್ ಮಾಡೀನಜ್ಜಾ?"

ಬೆಳಗಾವಿಯ ಡಾಕ್ಟರು ಬೇರೆ ರೀತಿಯಲ್ಲಿ ಹುಡುಕಿದರು. ಕಿರುಬೆರಳು ಎಷ್ಟು ಹಿಂದಕ್ಕೆ ಬಾಗುತ್ತದೆ, ಹೆಬ್ಬೆರಳು ಮುಂಗೈಗೆ ತಾಗುತ್ತದೆಯೇ ನೋಡಿ 9ಕ್ಕೆ 7 ಅಂಕ ಹಾಕಿದರು. ತೊಗಲು ಎಳೆದು ಬಿಟ್ಟರು; ರಬ್ಬರಿನಂತೆ ಹಿಂದೆ ಸರಿಯಿತು. ಜೀನ್ ಪರೀಕ್ಷೆ ಬಂದ ಮೇಲೆ ಹೆಸರು ಹೇಳಿದರು: ಎಹ್ಲರ್ಸ್-ಡ್ಯಾನ್ಲೋಸ್. 1901ರಲ್ಲಿ ಡೆನ್ಮಾರ್ಕಿನ ಎಹ್ಲರ್ಸ್, 1908ರಲ್ಲಿ ಫ್ರಾನ್ಸಿನ ಡ್ಯಾನ್ಲೋಸ್ ಬರೆದಿಟ್ಟ ಕಾಯಿಲೆ; 2017ರ ವಿಂಗಡಣೆಯಲ್ಲಿ ಗುರುತಿಸಿದ ಬಗೆಗಳೇ 13. ಇವನದು ತೊಗಲಿಗೆ ಗಟ್ಟಿತನ ಕೊಡುವ ಕೊಲಾಜೆನ್ ಎಳೆಯ ದೋಷ. ಹೆತ್ತವರಲ್ಲಿ ಒಬ್ಬರಿಂದ ಬಂದರೂ ಸಾಕು. ಸುಮಾರು ಅರ್ಧ ಮಂದಿಗೆ ಹೊಸದಾಗಿಯೇ ಹುಟ್ಟುತ್ತದೆ. ಕೆಲವು ಅಪರೂಪದ ಬಗೆಗಳಿಗೆ ರಕ್ತಸಂಬಂಧದ ಮದುವೆ ದಾರಿಯಾದೀತು, ಇದಕ್ಕಲ್ಲ.

ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಮೂವತ್ತು ವರ್ಷ ನೂಲಿನ ಮುಂದೆ ನಿಂತವನು ನಾನು. ಹುರಿ ಸರಿಬೀಳದ ನೂಲು ಹರಿಯುತ್ತಲೇ ಇರುತ್ತದೆ. ನೀನೇನು ಪಾಪ ಮಾಡಿದ್ದೆ ಎಂದು ನಾವು ನೂಲನ್ನು ಕೇಳಲಿಲ್ಲ. ಯಂತ್ರದ ವೇಗ ಇಳಿಸಿದೆವು, ಎಳೆತ ಕಡಿಮೆ ಮಾಡಿದೆವು.

ಕರ್ಮ ನಾನೂ ನಂಬುತ್ತೇನೆ. ಅದು ಅವರವರು ತಮ್ಮ ಲೆಕ್ಕ ತಾವು ನೋಡಿಕೊಳ್ಳಲಿಕ್ಕೆ ಇರುವುದು. ಕೂಸಿನ ಖಾತೆ ತೆಗೆದು ಓದಲು ಓಣಿಗೆ ಅಧಿಕಾರ ಕೊಟ್ಟವರು ಯಾರು? ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟಬಾರದೆಂದು 12ನೇ ಶತಮಾನದಲ್ಲೇ ಶರಣರು ಜಗಳ ತೆಗೆದಿದ್ದರು. ಹುಟ್ಟಿನ ತೊಗಲು ನೋಡಿ ಪಾಪ ಅಳೆಯುವುದೂ ಅದೇ ತಪ್ಪು.

ಈ ರೋಗಕ್ಕೆ ಮದ್ದಿಲ್ಲ. ಕಲೆ ಕತ್ತರಿಸಿ ಹೊಲಿದರೂ ಮತ್ತೆ ಅಗಲವಾದೀತು. ಮೊಣಕಾಲಿಗೆ ಪ್ಯಾಡ್ ಕಟ್ಟಿ ಆಡಲು ಬಿಡುತ್ತೇವೆ. ಅವನ ಪಾಟಿಚೀಲದಲ್ಲಿ ಒಂದು ಚೀಟಿ ಇದೆ: "ಗಾಯವಾದರೆ ಎರಡು ಪದರ ಹೊಲಿಯಿರಿ, ಬಿಗಿ ಎಳೆಯಬೇಡಿ. ಎಂದಿನದಕ್ಕಿಂತ ಎರಡು ಪಟ್ಟು ದಿನ ಹೊಲಿಗೆ ಹಾಗೇ ಬಿಡಿ. ಮೇಲೆ ಪಟ್ಟಿ ಹಚ್ಚಿ."

ಕೆಳಗೆ ನನ್ನ ಕೈಯಾರೆ ಇನ್ನೊಂದು ಸಾಲು ಸೇರಿಸಿದ್ದೇನೆ: "ಹುಡುಗ ಏನೂ ತಪ್ಪು ಮಾಡಿಲ್ಲ."