ಪುಕ್ಕಟೆ ಜಾಗದ ಬೆಲೆ ಯಾರ ತಲೆಗೆ?

ವಸ್ತುವೊಂದು ಪುಕ್ಕಟೆಯಾಗಿ ದೊರೆತಾಗ ಅದರ ಬೆಲೆ ಯಾರು ತೆತ್ತರೆಂದು ನಾವು ವಿಚಾರಿಸುವುದಿಲ್ಲ. ಮದುವೆಯೂಟಕ್ಕೆ ಹೋದವನು ಹೆಣ್ಣಿನ ತಂದೆಯ ಸಾಲವನ್ನು ನೆನೆಯುವನೇ? ವಿಶ್ವವಿದ್ಯಾಲಯಗಳ ಆವರಣದಲ್ಲಿ ಕಾರು ನಿಲ್ಲಿಸುವ ಜಾಗದ ಕತೆಯೂ ಇಷ್ಟೇ.

ಒಂದು ಕಾರು ನಿಲ್ಲಲು, ಒಳಹೊರಗೆ ಹೋಗುವ ದಾರಿಯೂ ಸೇರಿ, ಸುಮಾರು 300 ಚದರಡಿ ನೆಲ ಬೇಕು. ನಮ್ಮ ಪೇಟೆಗಳಲ್ಲಿ ಅಷ್ಟು ನೆಲದಲ್ಲಿ ಒಂದು ಸಂಸಾರವೇ ಬದುಕುತ್ತದೆ. ಅದಕ್ಕೆ ಡಾಂಬರು, ದೀಪ, ಕಾವಲು ಎಲ್ಲದರ ಖರ್ಚು ಸಂಸ್ಥೆಯ ಬೊಕ್ಕಸದ್ದು. ಆ ಬೊಕ್ಕಸಕ್ಕೆ ನಡೆದು ಬರುವ ಬಡ ವಿದ್ಯಾರ್ಥಿಯ ಶುಲ್ಕವೂ ಸೇರಿದೆ. ಅಂದರೆ ಕಾರಿನವನ ಬಾಡಿಗೆಯನ್ನು ಕಾಲ್ನಡಿಗೆಯವನು ಕಟ್ಟುತ್ತಿದ್ದಾನೆ, ಅದೂ ಅವನಿಗೆ ತಿಳಿಯದೆಯೇ! ಲಾಸ್ ಏಂಜಲೀಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದು 2025ರಲ್ಲಿ ತೀರಿಕೊಂಡ ಡೊನಾಲ್ಡ್ ಶೂಪ್, 2005ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದು ತೋರಿಸಿದ್ದು ಈ ಗುಪ್ತ ಲೆಕ್ಕವನ್ನು.

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯವು 1991ರಲ್ಲಿ ಇದನ್ನು ತಿರುವುಮುರುವು ಮಾಡಿತು. ಕಾರು ನಿಲ್ಲಿಸುವ ಶುಲ್ಕವನ್ನು ಏರಿಸಿ, ಬಂದ ಹಣದ ಒಂದು ಪಾಲಿನಿಂದ ವಿದ್ಯಾರ್ಥಿಗಳಿಗೂ ನೌಕರರಿಗೂ ಅಗ್ಗದ ಬಸ್ ಪಾಸ್ ಒದಗಿಸಿತು. ಅದಕ್ಕೆ ಯು-ಪಾಸ್ ಎಂದು ಹೆಸರು. ಸ್ಟ್ಯಾನ್‌ಫರ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಬ್ಬನೇ ಕಾರಿನಲ್ಲಿ ಬರುವುದನ್ನು ಬಿಟ್ಟವರಿಗೆ ಕೆಲವು ವರ್ಷಗಳ ಕಾಲ ವರ್ಷಕ್ಕೆ 300 ಡಾಲರ್‌ವರೆಗೆ ಹಣವನ್ನೇ ಕೊಟ್ಟಿತು.

ದಾರಿಗೂ ಅದರದೇ ಹಕ್ಕಿದೆಯೆಂದು ಪ್ರವಾದಿವರ್ಯರಿಂದ(ಸ) ಕಲಿತ ಸಮುದಾಯ ನಮ್ಮದು. ಜುಮಾ ದಿನ ಮಸೀದಿಯ ಮುಂದೆ ನಮ್ಮ ಬೈಕುಗಳು ನಿಲ್ಲುವ ಪರಿಯನ್ನು ನೆನೆದರೆ ಇದನ್ನು ಬರೆಯಲು ನನಗೇ ಸಂಕೋಚವಾಗುತ್ತದೆ, ಇರಲಿ.

ಆದರೆ ಶುಲ್ಕ ಏರಿಸಿದ ಮಾತ್ರಕ್ಕೆ ನ್ಯಾಯ ದೊರೆತಂತಾಯಿತೇ? ಪ್ರಾಧ್ಯಾಪಕರಿಗೆ ಆ ಮೊತ್ತ ಲೆಕ್ಕಕ್ಕೇ ಬಾರದು. ಬಸ್ಸು ಹೊರಡುವ ಮೊದಲೇ, ನಸುಕಿನಲ್ಲಿ, ತರಗತಿ ಗುಡಿಸಲು ದೂರದ ಅಗ್ಗದ ಬಡಾವಣೆಯಿಂದ ಬರುವವಳಿಗೆ ಅದೇ ಮೊತ್ತ ಒಂದು ದಿನದ ಕೂಲಿಯಾಗಬಹುದು. ಇಬ್ಬರಿಗೂ ಒಂದೇ ದರವಿಟ್ಟು ಅದನ್ನು ಸಮಾನತೆಯೆನ್ನುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಸಂಬಳ ನೋಡಿ ದರವಿಡಬೇಕು. ಅವಳ ಹೊತ್ತಿಗೆ ಬಸ್ಸಿಲ್ಲವಾದರೆ ಅವಳಿಂದ ಏನನ್ನೂ ಪಡೆಯಬಾರದು.

ಇನ್ನೊಂದು ತೊಡಕಿದೆ. 2011ರಿಂದ ಸಿಯಾಟಲ್‌ನಲ್ಲಿ ಯು-ಪಾಸ್ ಶುಲ್ಕವನ್ನು ವಿದ್ಯಾರ್ಥಿಗಳೆಲ್ಲರಿಗೂ ಕಡ್ಡಾಯ ಮಾಡಲಾಯಿತು. ಹಾಸ್ಟೆಲಿನಿಂದ ನಡೆದೇ ತರಗತಿಗೆ ಹೋಗುವವನೂ ಕಟ್ಟಬೇಕು. ಹಳೆಯ ಅನ್ಯಾಯವೇ ಬಟ್ಟೆ ಬದಲಿಸಿ ಬಂದಿತೇ? ಮೊದಲಿಗೆ ನನಗೆ ಹಾಗೆಯೇ ಅನಿಸಿತ್ತು. ಈಗ ಅನಿಸುವುದಿಲ್ಲ. ಅವನಿಂದ ಪಡೆಯುವ ಹಣ ರಶೀದಿಯಲ್ಲಿ ಬಹಿರಂಗವಾಗಿದೆ, ಬೇಕಾದರೆ ಪ್ರತಿಭಟಿಸಲೂಬಹುದು. ಅಲ್ಲದೆ ಮಳೆಯ ದಿನವೋ, ಜ್ವರ ಬಂದ ದಿನವೋ ಅವನೂ ಅದೇ ಬಸ್ಸನ್ನು ಹತ್ತಬಲ್ಲ. ಕಾರಿಲ್ಲದವನಿಗೆ ಕಾರಿನ ಜಾಗದಿಂದ ಯಾವ ದಿನ ಏನು ದೊರೆತೀತು?