ಶಬ್ದ ಹುಟ್ಟುವುದೋ, ತೋರುವುದೋ?

ಮನೆಯ ಸ್ಟೀರಿಯೋ ರಿಸೀವರಿಗೆ ಹೆಡ್‌ಫೋನ್ ಸಿಕ್ಕಿಸಿದಾಗ ಕೇಳುವ ಶಬ್ದ ಆಗಷ್ಟೇ ಹುಟ್ಟಿದ್ದೋ, ಮೊದಲೇ ಇದ್ದು ಪ್ರಕಟವಾದದ್ದೋ? ನ್ಯಾಯದರ್ಶನವನ್ನು ಅನುಸರಿಸುವ ನೈಯಾಯಿಕರಿಗೆ ಶಬ್ದ ಅನಿತ್ಯ, ಆಕಾಶದ ಗುಣ. ಕಿವಿಯ ಕುಳಿಯೊಳಗಿನ ಆಕಾಶವೇ ಶ್ರೋತ್ರೇಂದ್ರಿಯ. ಅಲೆಯಿಂದ ಅಲೆ ಹುಟ್ಟುವಂತೆ ಶಬ್ದ ಅಲ್ಲಿಗೆ ಮುಟ್ಟುತ್ತದೆ. ಹೆಡ್‌ಫೋನ್ ಆ ದಾರಿಯನ್ನು ಬೆರಳಗಲಕ್ಕೆ ಇಳಿಸುತ್ತದೆ, ಅಷ್ಟೆ.

ಮೀಮಾಂಸಾದರ್ಶನವನ್ನು ಅನುಸರಿಸುವ ಮೀಮಾಂಸಕರಿಗೆ ವರ್ಣಗಳು, ಎಂದರೆ ಮಾತಿನ ಅಕ್ಷರಗಳು, ನಿತ್ಯ. ಧ್ವನಿ ಅವುಗಳನ್ನು ತೋರಿಸಿಕೊಡುವ ವ್ಯಂಜಕ ಮಾತ್ರ. ಈ ವಾದಕ್ಕೆ ರಿಸೀವರ್ ಒಳ್ಳೆಯ ಪರೀಕ್ಷೆ. ಹಲವು ಹಳೆಯ ರಿಸೀವರುಗಳಲ್ಲಿ 8 ಓಮ್ ಸ್ಪೀಕರಿಗೆಂದು ಮಾಡಿದ ಆಂಪ್ಲಿಫೈಯರಿನ ವಿದ್ಯುತ್ತೇ ನೂರಾರು ಓಮ್‌ಗಳ ರೆಸಿಸ್ಟರ್ ದಾಟಿ ಹೆಡ್‌ಫೋನಿಗೆ ಬರುತ್ತದೆ. ಹೆಡ್‌ಫೋನಿನ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಎಲ್ಲ ಸ್ವರಗಳಿಗೂ ಒಂದೇ ಆಗಿರದಿದ್ದರೆ, ಅದು ಏರಿದ ಕಡೆ, ಹೆಚ್ಚಾಗಿ ಮಂದ್ರದಲ್ಲಿ, ಸದ್ದು ಉಬ್ಬುತ್ತದೆ. ಅದು ಧ್ವನಿಯ ವಿಕಾರ, ಗಕಾರ ಗಕಾರವೇ ಎಂದು ಮೀಮಾಂಸಕ ಹೇಳಿಯಾನು. ವರ್ಣವೇ ಇಲ್ಲದ ವೀಣೆಯ ನಾದಕ್ಕೆ ಮಾತ್ರ ಈ ಸಮಾಧಾನ ಸಾಲದು. ಅಲ್ಲಿ ನೈಯಾಯಿಕನ ಮಾತೇ ಹೆಚ್ಚು ಒಪ್ಪುತ್ತದೆ.